ನನ್ನ ಪುಟ್ಟ ಸೈಟನ್ನು ಯಾರು ಹ್ಯಾಕ್ ಮಾಡ್ತಾರೆ?

ವೆಬ್ ಕೆಲಸ ಕಲಿಯುತ್ತಿರುವವರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಇದು. "ನಂದು ಊರಿನ ಸಂಘದ ಸೈಟು. ದಿನಕ್ಕೆ ಹತ್ತು ಜನ ನೋಡಿದ್ರೆ ಹೆಚ್ಚು. ಇದನ್ನ ಹ್ಯಾಕ್ ಮಾಡಿ ಯಾರಿಗೆ ಏನು ಸಿಗುತ್ತೆ?"

ನಿಮ್ಮ ಸಂಘದ ಮೇಲೆ ಯಾರಿಗೂ ದ್ವೇಷವಿಲ್ಲ, ಒಪ್ಪುತ್ತೇನೆ. ಆದರೆ ಬಾಗಿಲು ತಟ್ಟುವ ಸ್ಕ್ರಿಪ್ಟ್‌ಗೆ ಅದು ಸಂಘದ ಸೈಟೋ ಬ್ಯಾಂಕಿನದೋ ಗೊತ್ತೇ ಇರುವುದಿಲ್ಲ. ಇಂಟರ್ನೆಟ್‌ನಲ್ಲಿ ಕಂಪ್ಯೂಟರ್‌ಗಳಿಗೆ ವಿಳಾಸ ಕೊಡುವ ಐಪಿವಿ4 ಪದ್ಧತಿಯಲ್ಲಿರುವ ವಿಳಾಸಗಳು ಸುಮಾರು 429 ಕೋಟಿ. ದೊಡ್ಡ ಸಂಖ್ಯೆ ಅನ್ನಿಸುತ್ತದೆ, ಅಲ್ವಾ? 2013ರಲ್ಲೇ ಮಿಷಿಗನ್ ವಿಶ್ವವಿದ್ಯಾಲಯದವರು ಝಡ್‌ಮ್ಯಾಪ್ ಎಂಬ ಟೂಲ್ ಬರೆದು, ಒಂದೇ ಕಂಪ್ಯೂಟರಿನಿಂದ ಅಷ್ಟನ್ನೂ ಮುಕ್ಕಾಲು ಗಂಟೆಯಲ್ಲಿ ಸ್ಕ್ಯಾನ್ ಮಾಡಿ ತೋರಿಸಿದರು. ಇನ್ನು ನೀವು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಉಚಿತ ಸೇವೆಯಿಂದ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದುಕೊಂಡರೆ, ನಿಮ್ಮ ಡೊಮೇನ್ ಹೆಸರು ಎಲ್ಲರೂ ಓದಬಹುದಾದ ಸರ್ಟಿಫಿಕೇಟ್ ಲಾಗ್‌ಗಳಿಗೆ ಸೇರುತ್ತದೆ. 'ಟೆಸ್ಟ್', 'ಅಡ್ಮಿನ್' ಅಂತ ಗುಟ್ಟಾಗಿ ಇಟ್ಟುಕೊಂಡ ಸಬ್‌ಡೊಮೇನ್‌ಗಳ ಹೆಸರಿನಲ್ಲೇ ಸರ್ಟಿಫಿಕೇಟ್ ತೆಗೆದುಕೊಂಡಿದ್ದರೆ ಅವೂ ಅಲ್ಲಿರುತ್ತವೆ. ಹೊಸ ಸರ್ವರ್‌ನ ಲಾಗ್ ತೆರೆದು ನೋಡಿ. ನೀವು ವರ್ಡ್‌ಪ್ರೆಸ್ ಹಾಕದೇ ಇದ್ದರೂ ಅದರ ಲಾಗಿನ್ ಪುಟವನ್ನು ಯಾರೋ ಕೇಳಿರುತ್ತಾರೆ.

ಏನು ಸಿಗುತ್ತದೆ ಅಂದರೆ, ನಿಮ್ಮ ಸಿಪಿಯು ಸಿಗುತ್ತದೆ. ಅದರಲ್ಲಿ ಕ್ರಿಪ್ಟೋ ಮೈನಿಂಗ್ ಮಾಡಬಹುದು, ಸ್ಪ್ಯಾಮ್ ಕಳಿಸಬಹುದು, ಪುಟದೊಳಗೆ ಜೂಜಿನ ಲಿಂಕ್‌ಗಳನ್ನು ಬಚ್ಚಿಡಬಹುದು.

ಹಾಗಾಗಿ ಸರ್ವರ್ ತೆಗೆದುಕೊಂಡ ಮೊದಲ ಗಂಟೆಯೇ ಮುಖ್ಯ. ಮೊದಲು ಎಸ್‌ಎಸ್‌ಎಚ್, ಅಂದರೆ ದೂರದಿಂದ ಸರ್ವರ್ ಒಳಗೆ ಹೋಗುವ ದಾರಿ. ಪಾಸ್‌ವರ್ಡ್ ಬದಲು ಬಳಸುವ ಇಡಿ25519 ಬಗೆಯ ಕೀ ಮಾಡಿಕೊಳ್ಳಿ, ಪಾಸ್‌ವರ್ಡ್ ಲಾಗಿನ್ ನಿಲ್ಲಿಸಿ. ಇಲ್ಲೊಂದು ಕಿರಿಕಿರಿ ಇದೆ. ಉಬುಂಟು ಕ್ಲೌಡ್ ಇಮೇಜ್‌ಗಳಲ್ಲಿ ಮುಖ್ಯ ಕಾನ್ಫಿಗ್ ಫೈಲ್‌ನಲ್ಲಿ ಪಾಸ್‌ವರ್ಡ್ ಲಾಗಿನ್‌ಗೆ 'ನೋ' ಅಂತ ಬರೆದರೂ, ಪಕ್ಕದ ಫೋಲ್ಡರ್‌ನಲ್ಲಿ ಸರ್ವರನ್ನು ಮೊದಲ ಸಲ ಸಜ್ಜುಗೊಳಿಸುವ ಕ್ಲೌಡ್-ಇನಿಟ್ ಪ್ರೋಗ್ರಾಂ ಇಟ್ಟ ಫೈಲ್ 'ಯೆಸ್' ಅಂತ ಹೇಳುತ್ತಿರಬಹುದು. ಮೊದಲು ಓದಿದ ಮಾತೇ ಗೆಲ್ಲುತ್ತದೆ, ಮೊದಲು ಓದುವುದು ಆ ಫೈಲನ್ನೇ. ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ ಆದ ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟು ಓಡಿಸಿದರೆ ನಿಜವಾಗಿ ಯಾವ ಸೆಟ್ಟಿಂಗ್ ನಡೆಯುತ್ತಿದೆ ಎಂದು ಕಾಣುತ್ತದೆ. ಇದನ್ನೆಲ್ಲ ಮಾಡುವಾಗ ಈಗಿನ ಟರ್ಮಿನಲ್ ಮುಚ್ಚಬೇಡಿ. ಇನ್ನೊಂದರಲ್ಲಿ ಒಳಗೆ ಹೋಗಿ ನೋಡಿ, ಆಮೇಲೆ ಮುಚ್ಚಿ. ಎಸ್‌ಎಸ್‌ಎಚ್‌ಗೆ ಮಾಮೂಲಿ 22ರ ಬದಲು ಬೇರೆ ಪೋರ್ಟ್ ಇಡಬೇಕಾ? ಲಾಗ್‌ನಲ್ಲಿ ಗದ್ದಲ ಕಡಿಮೆಯಾಗುತ್ತದೆ, ಅಷ್ಟೇ.

ಆಮೇಲೆ ಡೇಟಾಬೇಸ್. 2017ರ ಜನವರಿಯಲ್ಲಿ ಸಾವಿರಾರು ಮೊಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ, ಬಿಟ್‌ಕಾಯಿನ್ ಕೊಡಿ ಎಂಬ ಚೀಟಿ ಬಿಟ್ಟುಹೋಗಿದ್ದರು. ಅಲ್ಲಿ ಯಾರ ಬುದ್ಧಿವಂತಿಕೆಯೂ ಬೇಕಿರಲಿಲ್ಲ. ಪಾಸ್‌ವರ್ಡ್ ಇಲ್ಲದ ಡೇಟಾಬೇಸ್ ನೇರ ಇಂಟರ್ನೆಟ್‌ಗೆ ತೆರೆದಿತ್ತು. ಈಗ ಮೊಂಗೋಡಿಬಿ ತಾನಾಗಿಯೇ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದೇ ಯಂತ್ರದೊಳಗೆ, ಮಾತ್ರ ಕಿವಿಗೊಡುತ್ತದೆ. ಆದರೂ ನಮ್ಮ ಹುಡುಗರು ಅದೇ ಗುಂಡಿಗೆ ಬೀಳುತ್ತಾರೆ, ಆಪ್‌ಗಳನ್ನು ಕಂಟೇನರ್ ಎಂಬ ಪೆಟ್ಟಿಗೆಗಳಲ್ಲಿ ಓಡಿಸುವ ಡಾಕರ್ ದಾರಿಯಲ್ಲಿ.

ನೀವು ಯುಎಫ್‌ಡಬ್ಲ್ಯು ಎಂಬ ಫೈರ್‌ವಾಲ್ ಹಾಕಿ 22, 80, 443 ಪೋರ್ಟ್‌ಗಳನ್ನು ಮಾತ್ರ ಬಿಟ್ಟಿರುತ್ತೀರಿ. ಡಾಕರ್‌ನ ಕಂಪೋಸ್ ಫೈಲ್‌ನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ 5432:5432 ಅಂತ ಬರೆದಿರುತ್ತೀರಿ, ಎಲ್ಲ ಟ್ಯುಟೋರಿಯಲ್‌ಗಳಲ್ಲೂ ಹಾಗೇ ಇರುತ್ತದೆ. ಫೈರ್‌ವಾಲ್ ಸ್ಟೇಟಸ್ ಕೇಳಿದರೆ ಮೂರೇ ಪೋರ್ಟ್ ತೋರಿಸುತ್ತದೆ. ಆದರೆ ಡಾಕರ್ ತನ್ನ ನಿಯಮಗಳನ್ನು ಲಿನಕ್ಸ್‌ನ ಪ್ಯಾಕೆಟ್ ನಿಯಮಗಳಿರುವ ಐಪಿಟೇಬಲ್ಸ್‌ನಲ್ಲಿ ತಾನೇ ಬರೆದುಕೊಳ್ಳುತ್ತದೆ. ಕಂಟೇನರ್‌ಗೆ ಹೋಗುವ ಪ್ಯಾಕೆಟ್, ಯುಎಫ್‌ಡಬ್ಲ್ಯು ಕಾವಲು ಕೂತ ಕಡೆ ಹಾಯುವುದೇ ಇಲ್ಲ. ನಿಮ್ಮ ಡೇಟಾಬೇಸ್ ಬೀದಿಯಲ್ಲಿರುತ್ತದೆ. ಇದು ಬಗ್ ಅಲ್ಲ, ಡಾಕರ್‌ನ ದಾಖಲೆಯಲ್ಲೇ ಬರೆದಿದ್ದಾರೆ. ಓದುವವರು ಯಾರು!

ಪರಿಹಾರ ಸುಲಭ. 127.0.0.1:5432:5432 ಎಂದು ಬರೆಯಿರಿ, ಆಗ ಪೋರ್ಟ್ ಸರ್ವರ್ ಒಳಗೆ ಮಾತ್ರ ತೆರೆಯುತ್ತದೆ. ಇನ್ನೂ ಒಳ್ಳೆಯದು, ಆ ಸಾಲನ್ನೇ ತೆಗೆಯಿರಿ. ಒಂದೇ ಡಾಕರ್ ನೆಟ್‌ವರ್ಕ್‌ನಲ್ಲಿರುವ ಆಪ್‌ಗೆ ಸರ್ವಿಸ್ ಹೆಸರು ಸಾಕು, ಪೋರ್ಟ್ ಹೊರಗೆ ತೆರೆಯಬೇಕಿಲ್ಲ. ಆಮೇಲೆ ಲ್ಯಾಪ್‌ಟಾಪನ್ನು ಫೋನ್ ಹಾಟ್‌ಸ್ಪಾಟ್‌ಗೆ ಹಾಕಿ, ತೆರೆದ ಪೋರ್ಟ್ ಹುಡುಕುವ ಎನ್‌ಮ್ಯಾಪ್ ಟೂಲನ್ನು ಹೊರಗಿನಿಂದ ಓಡಿಸಿ. ಸರ್ವರ್ ತನ್ನ ಬಗ್ಗೆ ತಾನೇ ಹೇಳಿಕೊಳ್ಳುವುದನ್ನು ನಾನು ನಂಬುವುದಿಲ್ಲ.

ಇನ್ನು ಪಾಸ್‌ವರ್ಡ್, ಎಪಿಐ ಕೀಗಳ ವಿಷಯ. ಬಾಟ್‌ಗಳು ಇವನ್ನು ಬರೆದಿಡುವ ಡಾಟ್ ಇಎನ್‌ವಿ ಫೈಲನ್ನೂ ಕೋಡಿನ ಹಿಸ್ಟರಿ ಇರುವ ಡಾಟ್ ಗಿಟ್ ಫೋಲ್ಡರನ್ನೂ ಕೇಳಿಯೇ ಕೇಳುತ್ತವೆ. ಪಿಎಚ್‌ಪಿಯ ಲಾರಾವೆಲ್ ಪ್ರಾಜೆಕ್ಟ್‌ನಲ್ಲಿ ಅಪಾಚೆ ವೆಬ್ ಸರ್ವರ್‌ಗೆ 'ಪಬ್ಲಿಕ್' ಫೋಲ್ಡರ್ ತೋರಿಸುವ ಬದಲು ಇಡೀ ಪ್ರಾಜೆಕ್ಟ್ ತೋರಿಸಿದ್ದರೆ, ಪಾಸ್‌ವರ್ಡ್‌ಗಳೆಲ್ಲ ಬ್ರೌಸರ್‌ನಲ್ಲಿ ನೀಟಾಗಿ ಓದಲು ಸಿಗುತ್ತವೆ. ಫ್ರಂಟ್‌ಎಂಡ್ ಟೂಲ್‌ಗಳಲ್ಲೂ ಅಷ್ಟೇ: ವೀಟ್‌ನಲ್ಲಿ 'ವೀಟ್' ಎಂದು, ನೆಕ್ಸ್ಟ್‌ನಲ್ಲಿ 'ನೆಕ್ಸ್ಟ್ ಪಬ್ಲಿಕ್' ಎಂದು ಶುರುವಾಗುವ ವೇರಿಯಬಲ್‌ಗಳು ಬ್ರೌಸರ್‌ಗೆ ಹೋಗುವ ಜಾವಾಸ್ಕ್ರಿಪ್ಟ್ ಬಂಡಲ್ ಒಳಗೆ ಹೋಗುತ್ತವೆ. ಇಎನ್‌ವಿ ಫೈಲ್‌ನಲ್ಲಿ ಇಟ್ಟ ಮಾತ್ರಕ್ಕೆ ಅವು ಗುಟ್ಟಾಗಿ ಉಳಿಯುವುದಿಲ್ಲ. ಕೀ ಗಿಟ್‌ಹಬ್‌ಗೆ ಹೋಗಿಬಿಟ್ಟರೆ? ಫೈಲ್ ಡಿಲೀಟ್ ಮಾಡಿದರೂ ಹಿಸ್ಟರಿಯಲ್ಲಿ ಇರುತ್ತದೆ. ಹಿಸ್ಟರಿ ತಿದ್ದುತ್ತಾ ಕೂರಬೇಡಿ. ಮೊದಲು ಆ ಕೀ ರದ್ದು ಮಾಡಿ ಹೊಸದು ತೆಗೆದುಕೊಳ್ಳಿ.

ಬ್ಯಾಕಪ್ ಬೇರೆ ಕಡೆ ಇರಲಿ, ಒಮ್ಮೆ ರಿಸ್ಟೋರ್ ಮಾಡಿ ನೋಡಿ. ಬಳಕೆದಾರರ ಪಾಸ್‌ವರ್ಡ್‌ಗಳನ್ನು ಹ್ಯಾಶ್ ಮಾಡಿಡಲು ಆರ್ಗಾನ್2 ಅಥವಾ ಬಿಕ್ರಿಪ್ಟ್. ಇವನ್ನು ಎಲ್ಲರೂ ಹೇಳುತ್ತಾರೆ, ನಾನು ಎಳೆಯುವುದಿಲ್ಲ.

ಇಷ್ಟಾದ ಮೇಲೆ ಬರುವ ಮುಂದಿನ ಪ್ರಶ್ನೆ: "ಕ್ಲೌಡ್‌ಫ್ಲೇರ್ ಹಾಕಿದೀನಿ, ಸಾಕಲ್ವಾ?" ಕ್ಲೌಡ್‌ಫ್ಲೇರ್ ನಿಮ್ಮ ಸೈಟಿನ ಮುಂದೆ ನಿಂತು ಬರುವವರನ್ನು ಸೋಸುವ ಸೇವೆ. ಆದರೆ ಅದೊಂದೇ ಸಾಲದು. ನಿಮ್ಮ ಸರ್ವರ್‌ನ ಐಪಿ ಆ 429 ಕೋಟಿಯಲ್ಲಿ ಇನ್ನೂ ಇದೆ, ನೇರವಾಗಿ ಅಲ್ಲಿಗೇ ಬರುವವರನ್ನು ಕ್ಲೌಡ್‌ಫ್ಲೇರ್ ತಡೆಯಲಾರದು. ಅವರು ಪ್ರಕಟಿಸಿರುವ ಐಪಿಗಳಿಂದ ಬಂದರೆ ಮಾತ್ರ 80 ಮತ್ತು 443 ತೆರೆಯುವಂತೆ ಫೈರ್‌ವಾಲ್ ಬರೆಯಿರಿ. ನಿಮ್ಮ ವೆಬ್ ಸರ್ವರ್ ಎನ್‌ಜಿನ್‌ಎಕ್ಸ್ ಕೂಡ ಡಾಕರ್‌ನಲ್ಲೇ ಇದ್ದರೆ ಆ ನಿಯಮವನ್ನು ಯುಎಫ್‌ಡಬ್ಲ್ಯುನಲ್ಲಿ ಬರೆದು ಪ್ರಯೋಜನವಿಲ್ಲ. ಕ್ಲೌಡ್ ಕಂಪನಿಯ ಫೈರ್‌ವಾಲ್‌ನಲ್ಲಿ ಬರೆಯಿರಿ, ಇಲ್ಲವೇ ಐಪಿಟೇಬಲ್ಸ್‌ನ ಡಾಕರ್-ಯೂಸರ್ ಚೈನ್‌ನಲ್ಲಿ.