ವ್ಯಾನಿಗೆ ನೀರಿನ ಟ್ಯಾಂಕ್: 350 ಲೀಟರಿಗೆ ಬಂದು ನಿಂತ ಲೆಕ್ಕ

ಮಾರ್ಚ್ 14, 2026, ಶನಿವಾರ

ಗಾಜು, ಗೋಡೆ ತೊಳೆಯುವ ಕೆಲಸಕ್ಕೆ ಒಯ್ಯುವ ನಮ್ಮ ವ್ಯಾನಿನ ನೀರಿನ ಟ್ಯಾಂಕಿನ ವಿಷಯ ಇವತ್ತು ತೀರ್ಮಾನವಾಯಿತು. 350 ಲೀಟರ್. ತಮ್ಮನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ. ಅವನ ಮನಸ್ಸಿನಲ್ಲಿದ್ದದ್ದು 500. ಮೊದಮೊದಲು ಸಾವಿರದ ಮಾತೂ ಬಂದಿತ್ತು. "ಅಣ್ಣಾ, ವ್ಯಾನ್ ಒಂದು ಟನ್ ಹೊರುತ್ತೆ ಅಂತ ಕಂಪನಿಯವರೇ ಬರೆದಿದ್ದಾರಲ್ಲ, ಒಂದು ಟನ್ ಅಂದ್ರೆ ಸಾವಿರ ಲೀಟರ್ ತಾನೇ?" ಎಂದು ಕೇಳಿದ್ದ. ನೀರಿನ ಲೆಕ್ಕ ಅವನದು ಸರಿ, ಒಂದು ಲೀಟರಿಗೆ ಒಂದು ಕೆ.ಜಿ. ಆದರೆ ಆ ಒಂದು ಟನ್ನನ್ನು ಯಾರೂ ನೀರಿಗೆಂದೇ ಮೀಸಲಿಟ್ಟಿಲ್ಲ. ನಾವಿಬ್ಬರೂ ಅದರೊಳಗೇ ಬರಬೇಕು. ಪಂಪು, ಪೈಪು, ಏಣಿ ಎಲ್ಲವೂ ಅದರೊಳಗೇ ಬರಬೇಕು. ಉಳಿದದ್ದು ನೀರಿಗೆ.

ಗಾಜು, ಗೋಡೆ, ಅಂಗಳ ತೊಳೆಯುವ ಕೆಲಸದವರು ಟ್ಯಾಂಕ್ ಆರಿಸುವಾಗ ಮೊದಲು ಟೇಪು ಹಿಡಿದು ವ್ಯಾನಿನ ಹಿಂಬದಿ ಅಳೆಯುತ್ತೇವೆ. ಜಾಗ ನೋಡಿ ನಿರ್ಧರಿಸಿದರೆ ಮೋಸ ಹೋಗುವುದು ಖಂಡಿತ. ಉದ್ದ, ಅಗಲ, ಎತ್ತರ ಮೂರೂ ಒಂದೊಂದು ಮೀಟರ್ ಇರುವ ಟ್ಯಾಂಕ್ ವ್ಯಾನಿನೊಳಗೆ ಒಂದು ಮೂಲೆಯಲ್ಲಿ ಆರಾಮವಾಗಿ ಕೂರುತ್ತದೆ. ತುಂಬಿಸಿದರೆ ಅದೇ ಒಂದು ಟನ್. ಸುತ್ತ ಇನ್ನೂ ಎಷ್ಟು ಜಾಗ ಖಾಲಿ ಕಂಡರೂ ಗಾಡಿಯ ಶಕ್ತಿ ಅಲ್ಲಿಗೇ ಮುಗಿದಿರುತ್ತದೆ.

ಅದಕ್ಕೇ ಬೆಳಿಗ್ಗೆ ಗಾಡಿಯನ್ನು ವೇಬ್ರಿಡ್ಜಿಗೆ ಒಯ್ದೆವು. ಡೀಸೆಲ್ ಪೂರ್ತಿ ತುಂಬಿಸಿ, ನಾವಿಬ್ಬರೂ ಕೆಳಗಿಳಿದು ನಿಂತು ತೂಕ ಹಾಕಿಸಿದ್ದು. 1,840 ಕೆ.ಜಿ. ಬಂತು. ಬಾಗಿಲ ಕಂಬದ ಮೇಲಿನ ತಗಡಿನಲ್ಲಿ ಒಟ್ಟು ತೂಕದ ಮಿತಿ 2,800 ಎಂದಿದೆ. ವ್ಯತ್ಯಾಸ 960. ಪುಸ್ತಿಕೆಯ ಸಾವಿರದಲ್ಲಿ 40 ಕೆ.ಜಿ. ಆಗಲೇ ಹೋಗಿತ್ತು. ನೆಲಕ್ಕೆ ಹಾಸಿದ ಪ್ಲೈವುಡ್, ಸೀಟಿನ ಹಿಂದೆ ಕೂರಿಸಿದ ಕಬ್ಬಿಣದ ಅಡ್ಡಗೋಡೆ ಇವುಗಳ ತೂಕ ಪುಸ್ತಿಕೆ ಬರೆದವರಿಗೆ ಗೊತ್ತಿರುವುದಿಲ್ಲ. ಇನ್ನೊಂದು ವಿಷಯ. ಖಾಲಿ ಗಾಡಿ ಎಂದರೆ ಏನು ಎಂಬುದೇ ಎಲ್ಲ ಕಡೆ ಒಂದೇ ತೆರನಾಗಿಲ್ಲ. ಯುರೋಪಿನ ನಿಯಮದಲ್ಲಿ ಖಾಲಿ ತೂಕದೊಳಗೆ 75 ಕೆ.ಜಿ.ಯ ಚಾಲಕನೂ ಶೇ 90ರಷ್ಟು ಇಂಧನವೂ ಸೇರಿರುತ್ತವೆ. ಬೇರೆ ಕಡೆ ಚಾಲಕನನ್ನು ಬಿಟ್ಟೇ ಬರೆದಿರಬಹುದು. ಹಾಗಾಗಿ ಕಾಗದ ನಂಬುವುದಕ್ಕಿಂತ ತೂಕ ಹಾಕಿಸುವುದೇ ವಾಸಿ.

ಆಮೇಲೆ ಕಳೆಯುತ್ತ ಬಂದೆವು. ನಾವಿಬ್ಬರು 150. ಗೋಡೆಯ ಕಪಾಟು 60, ಒತ್ತಡದಲ್ಲಿ ನೀರು ಚಿಮ್ಮಿಸುವ ಪ್ರೆಷರ್ ವಾಷರ್ 70, ರೀಲು ಮತ್ತು ಒಳಗಿನ ನೀರು ಸೇರಿ ಪೈಪು 45, ಏಣಿ 30, ಬ್ಯಾಟರಿ ಮತ್ತು ವೈರಿಂಗ್ 25, ಉಳಿದ ಸಾಮಾನು ಸೋಪು ಸೇರಿ 50. ಸಾಮಾನೇ 280 ಆಯಿತು. 960ರಲ್ಲಿ ಉಳಿದದ್ದು 530. ಖಾಲಿ ಟ್ಯಾಂಕು ಮತ್ತು ಅದರ ಕಬ್ಬಿಣದ ಚೌಕಟ್ಟಿಗೆ 70 ತೆಗೆದರೆ 460. ನೀರು ಹೆಚ್ಚೆಂದರೆ ಇಷ್ಟೇ. ಟ್ಯಾಂಕಿಗೊಂದು ಚೌಕಟ್ಟು ಬೇಕು, ಚೌಕಟ್ಟಿಗೂ ತೂಕವಿದೆ ಎಂಬುದನ್ನು ತುಂಬ ಜನ ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ಪೈಪಿನೊಳಗಿನ ನೀರನ್ನೂ ಅಷ್ಟೇ. ಅರ್ಧ ಇಂಚಿನ ಪೈಪು 100 ಮೀಟರ್ ಇದ್ದರೆ ಅದರ ಹೊಟ್ಟೆಯಲ್ಲಿ ಹನ್ನೆರಡೂವರೆ ಲೀಟರಿಗಿಂತ ಹೆಚ್ಚು ನೀರು ನಿಂತಿರುತ್ತದೆ. ಟ್ಯಾಂಕ್ ಖಾಲಿಯಾದ ಮೇಲೂ ಅದು ನಮ್ಮ ಜೊತೆಗೇ ಬರುತ್ತದೆ.

460 ಇದ್ದರೆ 450 ಲೀಟರಿನ ಟ್ಯಾಂಕನ್ನೇ ಹಾಕಿಸಬಹುದಲ್ಲ ಎಂದರೆ, ಹಾಕಿಸಬಹುದು. ಮಿತಿಗೆ ಹತ್ತು ಕೆ.ಜಿ. ಬಿಟ್ಟು ದಿನಾ ಓಡಾಡುವುದು ನನಗೆ ಒಪ್ಪುವುದಿಲ್ಲ. ದೊಡ್ಡ ಕೆಲಸವಿದ್ದ ದಿನ ಮೂರನೆಯವರೊಬ್ಬರು ಹತ್ತುತ್ತಾರೆ, 75. ಗೋಡೆಯ ಪಾಚಿಗೆ ಹಾಕುವ ಗಟ್ಟಿ ಹೈಪೊಕ್ಲೋರೈಟ್ ಬ್ಲೀಚ್ ದ್ರಾವಣ ನೀರಿಗಿಂತ ಭಾರ, ಲೀಟರಿಗೆ ಸುಮಾರು 1.2 ಕೆ.ಜಿ. ತೂಗುತ್ತದೆ. 20 ಲೀಟರಿನ ಒಂದು ಕ್ಯಾನ್ 24 ಕೆ.ಜಿ. ಇವೆರಡಕ್ಕೇ 99 ಆಯಿತು. 350 ಲೀಟರ್ ಇಟ್ಟುಕೊಂಡರೆ 110 ಕೆ.ಜಿ. ಕೈಯಲ್ಲಿರುತ್ತದೆ. ಅಂಥ ದಿನವೂ ಗಾಡಿ ಮಿತಿಯೊಳಗೇ ಇರುತ್ತದೆ.

ಇಲ್ಲಿಯವರೆಗಿನದು ಬರೀ ಕೂಡಿ ಕಳೆಯುವುದು. ನಿಜವಾದ ಪ್ರಶ್ನೆ ಟ್ಯಾಂಕನ್ನು ಎಲ್ಲಿ ಕೂರಿಸಬೇಕೆಂಬುದು. ತಮ್ಮನಿಗೆ ಅದು ಹಿಂಬಾಗಿಲ ಹತ್ತಿರವೇ ಬೇಕು. ಪೈಪು ಸಿಕ್ಕಿಸಿ ತುಂಬಿಸುವುದು ಸುಲಭ, ಮುಚ್ಚಳ ಕೈಗೆ ಸಿಗುತ್ತದೆ, ಸೋರಿದರೆ ನೀರು ಹೊರಗೇ ಹೋಗುತ್ತದೆ ಎಂಬುದು ಅವನ ವಾದ. ಮೂರೂ ನಿಜವೇ. ಆದರೆ ತಗಡಿನ ಮೇಲೆ ಒಟ್ಟು ತೂಕದ ಕೆಳಗೆ ಇನ್ನೆರಡು ಅಂಕಿಗಳಿವೆ: ಮುಂದಿನ ಆಕ್ಸಲಿಗೆ (ಎರಡು ಬದಿಯ ಚಕ್ರಗಳನ್ನು ಹೊರುವ ಅಚ್ಚಿಗೆ) 1,400, ಹಿಂದಿನದಕ್ಕೆ 1,500. ಎರಡನ್ನೂ ಕೂಡಿದರೆ 2,900 ಆಗುತ್ತದೆ, ಒಟ್ಟು ಮಿತಿಗಿಂತ ಹೆಚ್ಚು. ಹಾಗೆಂದು ಅದು ನಮಗೆ ಸಿಕ್ಕ ಹೆಚ್ಚುವರಿ 100 ಅಲ್ಲ. ಮೂರು ಮಿತಿಗಳನ್ನೂ ಒಟ್ಟಿಗೆ ಪಾಲಿಸಬೇಕು.

ವೇಬ್ರಿಡ್ಜಿನಲ್ಲಿ ಮುಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಇನ್ನೊಂದು ಸಲ ತೂಗಿಸಿದ್ದೆ. ಮುಂದೆ 1,080, ಉಳಿದ 760 ಹಿಂದೆ. ಎರಡು ಆಕ್ಸಲುಗಳ ನಡುವೆ 3 ಮೀಟರ್ ದೂರ. ಇನ್ನು ಲೆಕ್ಕ ಸರಳ. ಒಂದು ವಸ್ತುವಿನ ನಡುಬಿಂದು ಮುಂದಿನ ಆಕ್ಸಲಿನಿಂದ ಎಷ್ಟು ದೂರವಿದೆಯೋ ಅದನ್ನು 3ರಿಂದ ಭಾಗಿಸಿ ತೂಕಕ್ಕೆ ಗುಣಿಸಿದರೆ ಹಿಂದಿನ ಆಕ್ಸಲಿನ ಪಾಲು ಸಿಗುತ್ತದೆ. ಸೀಟಿನಲ್ಲಿ ಕೂರುವ ನಾವಿಬ್ಬರು 1.3 ಮೀಟರಿನಲ್ಲಿ ಇದ್ದೇವೆ, ನಮ್ಮ 150ರಲ್ಲಿ ಹಿಂದಕ್ಕೆ ಹೋಗುವುದು 65. ಸಾಮಾನೆಲ್ಲ ಸರಾಸರಿ 2.9 ಮೀಟರಿನಲ್ಲಿದೆ, ಹೆಚ್ಚುಕಡಿಮೆ ಹಿಂದಿನ ಆಕ್ಸಲಿನ ಮೇಲೇ. ಅದರ 280ರಲ್ಲಿ 271 ಹಿಂದಕ್ಕೆ. ಟ್ಯಾಂಕ್ ಬರುವ ಮೊದಲೇ ಹಿಂದಿನ ಆಕ್ಸಲ್ 1,096ಕ್ಕೆ ಮುಟ್ಟಿತು.

ಈಗ ತುಂಬಿದ ಟ್ಯಾಂಕು, ಚೌಕಟ್ಟು ಸೇರಿ 420. ತಮ್ಮ ಹೇಳಿದಂತೆ ಹಿಂಬಾಗಿಲ ಬಳಿ, ಅಂದರೆ 3.5 ಮೀಟರಿನಲ್ಲಿ ಇಟ್ಟರೆ ಹಿಂದಿನ ಆಕ್ಸಲಿಗೆ ಬೀಳುವುದು 420 ಅಲ್ಲ, 490. ಟ್ಯಾಂಕಿನ ತೂಕಕ್ಕಿಂತಲೂ 70 ಹೆಚ್ಚು. ಆ 70 ಎಲ್ಲಿಂದ ಬಂತು? ಮುಂದಿನ ಚಕ್ರಗಳಿಂದ. ಆಕ್ಸಲಿನಿಂದ ಆಚೆಗೆ ಚಾಚಿದ ತೂಕ ಗಾಡಿಯ ಮೂತಿಯನ್ನು ಮೇಲಕ್ಕೆ ಎತ್ತುತ್ತದೆ. ಸ್ಟಿಯರಿಂಗ್ ಹಗುರಾಗುತ್ತದೆ, ಮುಂದಿನ ಬ್ರೇಕಿಗೆ ಹಿಡಿತ ಕಡಿಮೆಯಾಗುತ್ತದೆ. ಹಿಂದಿನ ಆಕ್ಸಲ್ 1,586ಕ್ಕೆ ಹೋಗಿ ಮಿತಿಯನ್ನು 86 ಕೆ.ಜಿ. ದಾಟುತ್ತದೆ. ಒಟ್ಟು ತೂಕ ಮಾತ್ರ 2,690, ಮಿತಿಗಿಂತ 110 ಕಡಿಮೆ! ಒಟ್ಟು ತೂಕವನ್ನಷ್ಟೇ ನೋಡುವವರಿಗೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಈ ಅಂಕಿಗಳನ್ನು ತಮ್ಮನ ಎದುರೇ ಕಾಗದದ ಮೇಲೆ ಬರೆದೆ. ಅವನೇ ಎರಡು ಸಲ ಗುಣಿಸಿ ನೋಡಿದ.

ಅದೇ ಟ್ಯಾಂಕನ್ನು ಸೀಟಿನ ಹಿಂದಿನ ಅಡ್ಡಗೋಡೆಗೆ ಒತ್ತಿ, ನಡುಬಿಂದು 2.2 ಮೀಟರಿನಲ್ಲಿ ಬರುವಂತೆ ಕೂರಿಸಿದರೆ ಹಿಂದಕ್ಕೆ 308, ಮುಂದಕ್ಕೆ 112. ಹಿಂದಿನ ಆಕ್ಸಲ್ 1,404, ಮುಂದಿನದು 1,286. ಎರಡೂ ಮಿತಿಯೊಳಗೆ. ಟೈರನ್ನೂ ನೋಡಿದೆ. ಪಕ್ಕದಲ್ಲಿ 102 ಎಂಬ ಲೋಡ್ ಸಂಖ್ಯೆ ಇದೆ, ಅಂದರೆ ಒಂದು ಟೈರಿಗೆ 850 ಕೆ.ಜಿ. ನಮ್ಮ ಹಿಂದಿನ ಒಂದೊಂದು ಟೈರಿಗೆ ಬೀಳುವುದು ಸುಮಾರು 702. ಸಾಕು. ಗಾಳಿ ಮಾತ್ರ ಪೂರ್ತಿ ಲೋಡಿಗೆ ಬರೆದಿರುವಷ್ಟೇ ಇರಬೇಕು. ತುಂಬಿಸಲು ಹಿಂಬಾಗಿಲಿನಿಂದ ಟ್ಯಾಂಕಿನವರೆಗೆ ಒಂದು ಪೈಪು ಎಳೆಸಿದರೆ ಆಯಿತು. ಸುಲಭಕ್ಕೆ ಪೈಪನ್ನು ಸರಿಸಬೇಕು, ಟ್ಯಾಂಕನ್ನಲ್ಲ.

ಮಧ್ಯಾಹ್ನ ತಮ್ಮ ಇನ್ನೊಂದು ದಾರಿ ಹೇಳಿದ. "500ರದ್ದೇ ತಗೊಳ್ಳೋಣ ಅಣ್ಣಾ, 350ಕ್ಕೆ ಗೆರೆ ಹಾಕಿ ಅಷ್ಟೇ ತುಂಬ್ಸೋಣ." ಹಾಗೆ ಮಾಡುವವರು ಇದ್ದಾರೆ. ನನಗೆ ಅದು ಎರಡು ಕಾರಣಕ್ಕೆ ಬೇಡ. ಮೊದಲನೆಯದು, ಅವಸರದ ದಿನ ಗೆರೆ ಯಾರಿಗೂ ಕಾಣುವುದಿಲ್ಲ. ಜಾಗವಿದ್ದರೆ ನೀರು ತುಂಬಿಯೇ ತುಂಬುತ್ತದೆ, ಆಗ ಗಾಡಿ ಕಾನೂನನ್ನೂ ಬ್ರೇಕಿನ ಶಕ್ತಿಯನ್ನೂ ಒಟ್ಟಿಗೆ ಮೀರುತ್ತದೆ. ಎರಡನೆಯದು ಇನ್ನೂ ದೊಡ್ಡದು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಮಾತು ಟ್ಯಾಂಕಿಗೂ ಅಕ್ಷರಶಃ ಸತ್ಯ. ಅರೆತುಂಬಿದ ಟ್ಯಾಂಕಿನಲ್ಲಿ ಬ್ರೇಕ್ ಒತ್ತಿದ ಕೂಡಲೇ ನೀರೆಲ್ಲ ಮುಂದಕ್ಕೆ ನುಗ್ಗುತ್ತದೆ, ಗೋಡೆಗೆ ಬಡಿದು ಹಿಂದಕ್ಕೆ ಬರುತ್ತದೆ. ಗಾಡಿ ನಿಂತಿತು ಅನ್ನುವಾಗ ಹಿಂದಿನಿಂದ ಯಾರೋ ನೂಕಿದಂತಾಗುವುದು ಇದರಿಂದಲೇ. ತಿರುವಿನಲ್ಲಿ ನೀರು ಹೊರಮಗ್ಗುಲಿಗೆ ಸರಿದು ಗಾಡಿಯನ್ನು ಅತ್ತಲೇ ವಾಲಿಸುತ್ತದೆ.

ಯಾವ ಟ್ಯಾಂಕಾದರೂ ಕೆಲಸದ ನಡುವೆ ಅರ್ಧಕ್ಕೆ ಇಳಿದೇ ಇಳಿಯುತ್ತದೆ. ಹಾಗಾಗಿ ಒಳಗೆ ಅಡ್ಡಪಟ್ಟಿಗಳು ಬೇಕೇಬೇಕು. ಬ್ಯಾಫಲ್ ಎನ್ನುತ್ತಾರಲ್ಲ, ಅವು. ಕೆಳಗೆ ನೀರು ದಾಟಲು, ಮೇಲೆ ಗಾಳಿ ದಾಟಲು ಕಿಂಡಿ ಬಿಟ್ಟ ಗೋಡೆಗಳು. ನೀರು ದಾಟುತ್ತದೆ, ಆದರೆ ಒಮ್ಮೆಲೇ ದಾಟಲಾರದು. ಆಕಾರದಲ್ಲೂ ಯೋಚಿಸಬೇಕಾದದ್ದಿದೆ. ಎತ್ತರದ ಟ್ಯಾಂಕಿನಲ್ಲಿ ನೀರಿನ ಮೇಲ್ಮೈ ಚಿಕ್ಕದು, ತುಳುಕು ಕಡಿಮೆ, ಆದರೆ ತೂಕ ಮೇಲೆ ಇರುತ್ತದೆ. ಚಪ್ಪಟೆಯದರಲ್ಲಿ ತೂಕ ನೆಲಕ್ಕೆ ಹತ್ತಿರ, ಆದರೆ ನೀರು ಓಡಾಡಲು ಬಯಲು ದೊಡ್ಡದು. 1.2 ಮೀಟರ್ ಉದ್ದ, 0.8 ಅಗಲದ ತಳವಿದ್ದರೆ 350 ಲೀಟರಿಗೆ ನೀರಿನ ಮಟ್ಟ 36–37 ಸೆಂಟಿಮೀಟರ್ ಅಷ್ಟೇ. ನಾನು ಚಪ್ಪಟೆಯದನ್ನೇ ಆರಿಸಿದೆ, ಅಡ್ಡಕ್ಕೆ ಎರಡು, ಉದ್ದಕ್ಕೆ ಒಂದು ಬ್ಯಾಫಲ್ ಹಾಕಿಸುವ ಷರತ್ತಿನ ಮೇಲೆ.

350 ಸಾಕಾಗುತ್ತದೆಯೇ? ಗಾಜು ತೊಳೆಯುವ, ಉದ್ದ ಕೋಲಿನ ತುದಿಯಲ್ಲಿ ನೀರು ಬರುವ ಬ್ರಷ್ಷಿಗೆ ನಿಮಿಷಕ್ಕೆ 2 ಲೀಟರ್ ಹೋಗುತ್ತದೆ. 175 ನಿಮಿಷ ಬರುತ್ತದೆ. ಗಾಜಿನ ಕೆಲಸಕ್ಕೆ ಧಾರಾಳವಾಯಿತು. ಪ್ರೆಷರ್ ವಾಷರ್ ನಿಮಿಷಕ್ಕೆ 12 ಲೀಟರ್ ಕುಡಿಯುತ್ತದೆ. ಟ್ರಿಗರ್ ಬಿಡದೆ ಹಿಡಿದರೆ 29 ನಿಮಿಷದಲ್ಲಿ ಟ್ಯಾಂಕ್ ಬರಿದು. ತಮ್ಮನ ಆತಂಕ ಇದೇ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ 500 ಇದ್ದಿದ್ದರೂ ಸಿಗುತ್ತಿದ್ದದ್ದು 41 ನಿಮಿಷ. ಆ 12 ನಿಮಿಷದಿಂದ ಯಾವ ಅಂಗಳವೂ ಮುಗಿಯುವುದಿಲ್ಲ. ದೊಡ್ಡ ಕೆಲಸಕ್ಕೆ ಹೇಗಿದ್ದರೂ ಅಲ್ಲಿನ ನಲ್ಲಿಯನ್ನೇ ನಂಬಬೇಕು. ನಲ್ಲಿ ಇದ್ದರೆ ಟ್ಯಾಂಕಿನ ಕೆಲಸವೇ ಬೇರೆಯಾಗುತ್ತದೆ. ನಲ್ಲಿಯಲ್ಲಿ ನಿಮಿಷಕ್ಕೆ 8 ಲೀಟರ್ ಬರುತ್ತಿದೆ, ಯಂತ್ರಕ್ಕೆ 12 ಬೇಕು ಎಂದಿಟ್ಟುಕೊಳ್ಳಿ. ಟ್ಯಾಂಕ್ ಕೊಡಬೇಕಾದದ್ದು ಕೊರತೆಯ 4 ಲೀಟರ್ ಮಾತ್ರ. ಆಗ ಅದೇ 350 ಲೀಟರ್ ಒಂದೂವರೆ ಗಂಟೆಯ ಹತ್ತಿರ ಬರುತ್ತದೆ. ಟ್ರಿಗರ್ ಬಿಟ್ಟು ಪೈಪು ಎಳೆಯುವಾಗ, ಏಣಿ ಸರಿಸುವಾಗ ನಲ್ಲಿ ಅದನ್ನು ಮತ್ತೆ ತುಂಬಿಸುತ್ತಲೇ ಇರುತ್ತದೆ. ಇದನ್ನು ಕೇಳಿದ ಮೇಲೆಯೇ ತಮ್ಮ ಸ್ವಲ್ಪ ಮೆತ್ತಗಾದದ್ದು. ನಲ್ಲಿಯೇ ಇಲ್ಲದ ಕಡೆ ದೊಡ್ಡ ಅಂಗಳದ ಕೆಲಸ ಒಪ್ಪಿಕೊಂಡರೆ ನಡುವೆ ಹೋಗಿ ತುಂಬಿಸಿಕೊಂಡು ಬರಬೇಕು, ಅದರಲ್ಲಿ ಎರಡು ಮಾತಿಲ್ಲ.

ಕಟ್ಟುವ ವಿಷಯದಲ್ಲಿ ಮಾತ್ರ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ಬೆಲ್ಟ್ ಬಿಗಿದು ಬಿಡೋಣ ಎಂದು ಹೇಳುವವರು ಸಿಗುತ್ತಾರೆ. ರಸ್ತೆಯಲ್ಲಿ ಸರಕು ಕಟ್ಟುವ ಯುರೋಪಿನ ಮಾನದಂಡ ಮುಂದಕ್ಕೆ ತೂಕದ 0.8 ಪಟ್ಟು ಬಲ ಹಿಡಿಯುತ್ತದೆ, ಅಂದರೆ ನಮ್ಮ ಟ್ಯಾಂಕಿಗೆ 336 ಕೆ.ಜಿ.ಯಷ್ಟು ಒತ್ತಡ. ಅದು ಬ್ರೇಕ್ ಹಾಕಿದಾಗಿನ ಲೆಕ್ಕ. ಡಿಕ್ಕಿಯದು ಬೇರೆ. ಮುಖಾಮುಖಿ ಗುದ್ದಿದಾಗ ಬಲ ತೂಕದ 20 ಪಟ್ಟು ಆದರೆ ಅದು 8,400 ಕೆ.ಜಿ. ಆ ಟ್ಯಾಂಕಿನ ಮುಂದೆ, ತೆಳುವಾದ ಒಂದು ಗೋಡೆಯ ಆಚೆ, ಕೂತಿರುವುದು ನನ್ನ ತಮ್ಮ. ಪ್ಲಾಸ್ಟಿಕ್ ಟ್ಯಾಂಕಿನ ಅಂಚಿನಲ್ಲಿ ಚಾಚಿದ ಕಿವಿಗೆ ಬೋಲ್ಟ್ ಹಾಕಿದರೆ ಕಿವಿ ಕಿತ್ತು ಬರುತ್ತದೆ. ನೆಲದ ತಗಡಿಗಷ್ಟೇ ಬೋಲ್ಟ್ ಹಾಕಿದರೆ ತಗಡು ಹರಿಯುತ್ತದೆ. ಟ್ಯಾಂಕನ್ನು ನಾಲ್ಕೂ ಕಡೆಯಿಂದ, ಮೇಲಿನಿಂದಲೂ ಅಪ್ಪಿಹಿಡಿಯುವ ಉಕ್ಕಿನ ಚೌಕಟ್ಟು, ಚಾಸಿಯ (ಗಾಡಿಯ ಅಡಿಕಟ್ಟಿನ) ತೊಲೆಯವರೆಗೆ ಇಳಿಯುವ ಬೋಲ್ಟು, ಕೆಳಗೆ ಅಗಲವಾದ ಉಕ್ಕಿನ ಪಟ್ಟಿ. ಡಿಕ್ಕಿ ಪರೀಕ್ಷೆಯಲ್ಲಿ ಪಾಸಾದ ಸಿದ್ಧ ಚೌಕಟ್ಟು ಈ ಅಳತೆಗೆ ಸಿಕ್ಕರೆ ಅದನ್ನೇ ತರುತ್ತೇನೆ. ವೆಲ್ಡಿಂಗ್ ಎಷ್ಟೇ ಗಟ್ಟಿಯಾಗಿ ಕಂಡರೂ ಪರೀಕ್ಷೆ ಆದದ್ದಕ್ಕೆ ಸಮವಲ್ಲ.

ಉಳಿದವು ಸಣ್ಣವು. ಬಿಸಿಲು ಒಳಗೆ ಹೋಗದ ಕಪ್ಪು ಟ್ಯಾಂಕ್, ಪಾಚಿ ಕಟ್ಟದಂತೆ. ಮುಚ್ಚಳದಲ್ಲಿ ಗಾಳಿಕಿಂಡಿ, ಇಲ್ಲದಿದ್ದರೆ ಪಂಪ್ ಎಳೆದಾಗ ಟ್ಯಾಂಕ್ ಒಳಕ್ಕೆ ಮುದುಡುತ್ತದೆ. ತಳದಲ್ಲಿ ಡ್ರೈನ್ ವಾಲ್ವ್. ನೀರು ಹೆಪ್ಪುಗಟ್ಟಿದರೆ ಶೇ 9ರಷ್ಟು ಹಿಗ್ಗುತ್ತದೆ, ಕೊರೆಯುವ ಚಳಿಯ ರಾತ್ರಿ ಪಂಪು ಪೈಪುಗಳನ್ನು ಬರಿದು ಮಾಡಿಯೇ ನಿಲ್ಲಿಸಬೇಕು. ಟ್ಯಾಂಕ್ ಕೂರಿಸುವವರಿಗೆ ಸೋಮವಾರ ಅಳತೆ ಕೊಡುತ್ತೇನೆ. ಮುಂದಿನ ಆಕ್ಸಲಿನಿಂದ ಟ್ಯಾಂಕಿನ ನಡುವಿಗೆ 2.2 ಮೀಟರ್ ಎಂಬುದನ್ನು ಕಾಗದದ ಮೇಲೆ ದೊಡ್ಡದಾಗಿ ಬರೆದು, ನೆಲದ ಪ್ಲೈವುಡ್ಡಿನ ಮೇಲೂ ಚಾಕ್‌ನಲ್ಲಿ ಗೆರೆ ಎಳೆದಿಟ್ಟಿದ್ದೇವೆ.