ಲಂಟಾನ ಕಿತ್ತ ಮರುವರ್ಷ

"ಜಿಂಕೆಗಳಿಗೆ ಏನು ಬಿತ್ತಿದರೆ ಒಳ್ಳೆಯದು?" ಕಾಡಂಚಿನಲ್ಲಿ ಜಮೀನು ಇರುವವರು, ಹೊಸದಾಗಿ ನಮ್ಮ ತಂಡಕ್ಕೆ ಸೇರಿದ ಹುಡುಗರು, ಕೆಲಸ ನೋಡಲು ಬರುವವರು, ಎಲ್ಲರೂ ಮೊದಲು ಕೇಳುವುದು ಇದನ್ನೇ. ಅಮೆರಿಕದಲ್ಲಿ ಜಮೀನುದಾರರು ಜಿಂಕೆಗಳಿಗೆಂದೇ ಕ್ಲೋವರ್, ಓಟ್ಸ್, ಸೋಯಾ ಬಿತ್ತಿ ಮೇವಿನ ತಾಕುಗಳನ್ನು ಬೆಳೆಸುತ್ತಾರೆ. ಅಲ್ಲಿ ಅದು ಬೇಟೆಯ ಹಂಗಾಮಿನ ಸಿದ್ಧತೆಯೂ ಹೌದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಲೆಕ್ಕವೇ ಬೇರೆ. ಇಲ್ಲಿ ಚುಕ್ಕೆ ಜಿಂಕೆ ಹೊಟ್ಟೆ ತುಂಬ ಮೇದರೆ ಅದರ ಫಲ ಸೇರುವುದು ಹುಲಿಗೆ, ಚಿರತೆಗೆ, ಸೀಳುನಾಯಿಗೆ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಅಷ್ಟು ಜಿಂಕೆಗಳನ್ನು ಕಾಡು ಸಾಕಬೇಕಾದರೆ ನೆಲದಲ್ಲಿ ಹುಲ್ಲಿರಬೇಕು.

ಬಂಡೀಪುರ, ನಾಗರಹೊಳೆ ಸೀಮೆಯಲ್ಲಿ ಕಳೆ ತೆರವು ಮಾಡಿ ಹುಲ್ಲು ಬರಿಸುವ ತಂಡಗಳ ಮೇಲ್ವಿಚಾರಣೆ ನನ್ನ ಕೆಲಸ. ಈ ಕೆಲಸದಲ್ಲಿ ನಾನು ಕಲಿತದ್ದು, ಯಾರು ಕೇಳಿದರೂ ಮೊದಲು ಹೇಳುವುದು ಇಷ್ಟು: ಮೂರು ವರ್ಷ ಬೆನ್ನು ಬಿಡದೆ ನೋಡಿಕೊಳ್ಳಲು ಆಗುವಷ್ಟು ಜಾಗವನ್ನು ಮಾತ್ರ ತೆರವು ಮಾಡಬೇಕು. ಉಳಿದದ್ದಕ್ಕೆ ಸದ್ಯಕ್ಕೆ ಕೈ ಹಾಕಬಾರದು.

ಲಂಟಾನ ನಮ್ಮ ನೆಲದ್ದಲ್ಲ. ಉಷ್ಣವಲಯದ ಅಮೆರಿಕದಿಂದ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದದ್ದು. ಇವತ್ತು ನಮ್ಮ ಕುರುಚಲು ಕಾಡಿನಲ್ಲಿ ಆಳೆತ್ತರದ ಪೊದೆಯಾಗಿ ಹೆಣೆದುಕೊಂಡು ನಿಂತಿದೆ. ಅದರ ಎಲೆಯಲ್ಲಿ ಲಂಟಾಡೀನ್ ಎಂಬ ವಿಷವಿದೆ. ದನ ತಿಂದರೆ ಪಿತ್ತಕೋಶ, ಯಕೃತ್ತಿಗೆ ಪೆಟ್ಟು, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮೇಯುವ ಪ್ರಾಣಿಗಳು ಅದನ್ನು ಬಿಟ್ಟು ಪಕ್ಕದ ಹುಲ್ಲನ್ನು ತಿನ್ನುತ್ತವೆ. ಹಾಗಾಗಿ ಮೇದಷ್ಟೂ ಲಂಟಾನಕ್ಕೇ ಅನುಕೂಲ. ಪೊದೆ ಮುಚ್ಚಿಕೊಂಡ ಮೇಲೆ ಅಡಿಯಲ್ಲಿ ಬೆಳಕಿಲ್ಲ, ಹುಲ್ಲಿಲ್ಲ, ಮರದ ಸಸಿಯೂ ಇಲ್ಲ. ನೆರಳಿನ ಕೆಳಗೆ ಬಗ್ಗಿ ನೋಡಿದರೆ ಒಣ ಎಲೆ, ಬರಿ ಮಣ್ಣು, ಅಷ್ಟೇ.

ಕೀಳುವ ವಿಧಾನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಏಕೆಂದರೆ ದುಡ್ಡು ಪೋಲಾಗುವುದು ಇಲ್ಲೇ. ಕತ್ತಿಯಿಂದ ಬುಡ ಸವರಿದರೆ ಮಳೆ ಬಿದ್ದ ಕೆಲವೇ ವಾರಗಳಲ್ಲಿ ಒಂದು ಕಾಂಡ ಇದ್ದಲ್ಲಿ ಐದಾರು ಚಿಗುರು ಏಳುತ್ತವೆ. ಬೆಂಕಿ ಇಟ್ಟರೂ ಅದೇ ಕಥೆ. ಜೆಸಿಬಿ ಬಿಟ್ಟರೆ ಮಣ್ಣು ಮಗುಚಿ, ಅಡಿಯಲ್ಲಿ ಮಲಗಿದ್ದ ಕಳೆ ಬೀಜಗಳೆಲ್ಲ ಮೇಲೆ ಬರುತ್ತವೆ. ದೆಹಲಿ ವಿಶ್ವವಿದ್ಯಾಲಯದ ಪ್ರೊಫೆಸರ್ ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ರೂಪಿಸಿದ ಬೇರು ಕತ್ತರಿಸುವ ವಿಧಾನವನ್ನೇ ನಾವು ಅನುಸರಿಸುತ್ತೇವೆ. ಲಂಟಾನದ ಚಿಗುರು ಹುಟ್ಟುವುದು ಕಾಂಡ ಮತ್ತು ಬೇರು ಕೂಡುವ ಗಂಟಿನಲ್ಲಿ. ಗುದ್ದಲಿಯಿಂದ ಬುಡದ ಮಣ್ಣು ಸರಿಸಿ, ನೆಲಮಟ್ಟಕ್ಕಿಂತ ಮೂರು ನಾಲ್ಕು ಸೆಂಟಿಮೀಟರ್ ಕೆಳಗೆ ತಾಯಿಬೇರನ್ನು ಕಡಿಯಬೇಕು. ಗಂಟು ಪೊದೆಯ ಜೊತೆಗೇ ಮೇಲೆ ಬರಬೇಕು. ಆಮೇಲೆ ಇಡೀ ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಬೇಕು. ಗಂಟು ಆಕಾಶ ನೋಡಿಕೊಂಡು ಒಣಗಿದರೆ ಮತ್ತೆ ಬೇರು ಬಿಡುವ ಸಂಭವವಿಲ್ಲ. ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ, ಕಾಯಿ ಕಪ್ಪಾಗುವ ಮೊದಲು ಇದನ್ನು ಮುಗಿಸಿದರೆ ಅರ್ಧ ಶ್ರಮ ಉಳಿಯುತ್ತದೆ. ಅಂದಹಾಗೆ, ಕಿತ್ತ ಕಡ್ಡಿಯೂ ವ್ಯರ್ಥವಲ್ಲ. ಮಲೆ ಮಹದೇಶ್ವರ ಬೆಟ್ಟದ ಕಡೆಯ ಸೋಲಿಗರು ಅದನ್ನು ಬೇಯಿಸಿ, ತೊಗಟೆ ಸುಲಿದು, ಕುರ್ಚಿ ಮೇಜು ಮಾಡುತ್ತಾರೆ.

ಮೊದಲ ವರ್ಷ ಎಲ್ಲರಿಗೂ ಸಂಭ್ರಮ. ಪೊದೆ ಹೋಗಿ ಬಯಲು ಕಾಣುತ್ತದೆ, ಫೋಟೊ ತೆಗೆಯುತ್ತಾರೆ, ಎಷ್ಟು ಹೆಕ್ಟೇರ್ ಎಂದು ಬರೆದುಕೊಳ್ಳುತ್ತಾರೆ. ನಿಜವಾದ ಕೆಲಸ ಶುರುವಾಗುವುದು ಮರುವರ್ಷ. ದಶಕಗಳ ಕಾಲ ಲಂಟಾನ ಉದುರಿಸಿದ ಬೀಜ ಮಣ್ಣಿನಲ್ಲಿದೆ. ಪಿಕಳಾರ, ಗೊರವಂಕ ಹಕ್ಕಿಗಳು ಪಕ್ಕದ ಪೊದೆಯ ಹಣ್ಣು ತಿಂದು ಬಂದು ಮರದ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ತೆರವಾದ ಬಯಲಿನಲ್ಲಿ ಲಂಟಾನದ ಮರಿಗಳನ್ನು ಹುಡುಕಲು ನಾವು ನೇರ ನಡೆಯುವುದು ಒಂಟಿ ಮರಗಳ ಬುಡಕ್ಕೆ. ಅಲ್ಲಿ ನೂರಾರು ಸಸಿಗಳು ಒತ್ತೊತ್ತಾಗಿ ಎದ್ದಿರುತ್ತವೆ. ಬೆರಳುದ್ದ ಇರುವಾಗ ಎರಡು ಬೆರಳಿನಲ್ಲಿ ಚಿವುಟಿ ಎಳೆದರೆ ಬರುತ್ತವೆ. ಒಂದು ಮಳೆಗಾಲ ಬಿಟ್ಟರೆ ಗುದ್ದಲಿ ಬೇಕು. ಎರಡು ಮಳೆಗಾಲ ಬಿಟ್ಟರೆ ಮೊದಲಿನಷ್ಟೇ ಆಳು, ಮೊದಲಿನಷ್ಟೇ ಖರ್ಚು.

ಇದಕ್ಕಿಂತ ಕೆಟ್ಟ ಸಂಗತಿಯೊಂದಿದೆ. ಬರಿದಾದ ನೆಲಕ್ಕೆ ಹುಲ್ಲಿಗಿಂತ ಮೊದಲು ಪಾರ್ಥೇನಿಯಂ ಮತ್ತು ಯುಪಟೋರಿಯಂ ಓಡಿ ಬರುತ್ತವೆ. ಈಚಿನ ವರ್ಷಗಳಲ್ಲಿ ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ನಾಗರಹೊಳೆ, ಬಂಡೀಪುರ, ವಯನಾಡು, ಮುದುಮಲೆಗಳಲ್ಲಿ ಗಡಿ ನೋಡದೆ ಹಬ್ಬುತ್ತಿದೆ. ಅದನ್ನು ಕಡಿದರೆ ಬುಡದಿಂದ ಹತ್ತಾರು ಕೊಂಬೆ ಹೊರಡುತ್ತವೆ. ಹಿಂಬಾಲಿಸಿ ನೋಡಿಕೊಳ್ಳಲು ಆಳು, ಹಣ ಇಲ್ಲದೆ ದೊಡ್ಡ ಜಾಗ ತೆರವು ಮಾಡಿದರೆ ಒಂದು ಕಳೆಯ ಬದಲು ಮೂರು ಕಳೆ ಸಿಗುತ್ತವೆ. ಜಿಂಕೆಯ ಪಾಲಿಗೆ ಅದು ಹಳೆಯ ಪೊದೆಗಿಂತ ಕಡೆ, ಯಾಕೆಂದರೆ ಮೊದಲು ಮರೆಯಾದರೂ ಇತ್ತು. ಇದನ್ನು ನಾನು ಸಭೆಗಳಲ್ಲಿ ಗಟ್ಟಿಯಾಗಿಯೇ ಹೇಳುತ್ತೇನೆ. ಹತ್ತು ಹೆಕ್ಟೇರ್‌ನ ಹಣವಿದ್ದರೆ ಮೂರು ಹೆಕ್ಟೇರ್ ಮಾಡೋಣ, ಉಳಿದ ಹಣವನ್ನು ಮುಂದಿನ ಎರಡು ಮಳೆಗಾಲಕ್ಕೆ ಎತ್ತಿಡೋಣ.

ಹುಲ್ಲಿನ ವಿಷಯಕ್ಕೆ ಬರುತ್ತೇನೆ. ಅಕ್ಕಪಕ್ಕದಲ್ಲಿ ಹಳೆಯ ಹುಲ್ಲು ಉಳಿದಿದ್ದರೆ ಅನೇಕ ಕಡೆ ಏನನ್ನೂ ಬಿತ್ತಬೇಕಾಗಿಲ್ಲ. ಬೆಳಕು ಬಿದ್ದರೆ ಸಾಕು, ಗರಿಕೆ ಮೊದಲು ಹರಿದು ಬರುತ್ತದೆ. ಪೊದೆ ಬಹಳ ಹಳೆಯದಾಗಿದ್ದು ನೆಲ ಪೂರ್ತಿ ಬರಡಾಗಿದ್ದರೆ ಮಾತ್ರ ಬೀಜ ಬೇಕು. ಅದು ಅದೇ ಸೀಮೆಯ ಬೀಜವಾಗಿರಬೇಕು: ತೀಮೆಡಾ, ಡೈಕ್ಯಾಂತಿಯಂ, ಹೆಟೆರೊಪೋಗನ್ ಎಂಬ ಹುಲ್ಲುಗಳು, ಜೊತೆಗೆ ನೆಲಕ್ಕೆ ಹಬ್ಬುವ ಕಾಡು ದ್ವಿದಳ ಗಿಡಗಳು. ಹೆಟೆರೊಪೋಗನ್ ಬೀಜವನ್ನು ಅಂಗೈ ಮೇಲೆ ಇಟ್ಟುಕೊಂಡು ನೋಡಬೇಕು. ತುದಿ ಸೂಜಿಯಷ್ಟು ಚೂಪು, ಹಿಂದೆ ಕಂದು ಬಣ್ಣದ ಉದ್ದನೆಯ ಊಬು. ಒಂದು ಹನಿ ನೀರು ಬಿಟ್ಟರೆ ಆ ಊಬು ನಿಧಾನವಾಗಿ ತಿರುಗತೊಡಗುತ್ತದೆ. ಒಣಗಿದಾಗ ಮತ್ತೆ ಹುರಿಗೊಳ್ಳುತ್ತದೆ. ಇಬ್ಬನಿ, ಬಿಸಿಲು, ಮತ್ತೆ ಇಬ್ಬನಿ ಎಂದು ತಿರುಗುತ್ತ ತಿರುಗುತ್ತ ಬೀಜ ತಾನೇ ಮಣ್ಣನ್ನು ಕೊರೆದು ಒಳಗೆ ಇಳಿಯುತ್ತದೆ. ನಮ್ಮ ಪ್ಯಾಂಟಿನ ಬಟ್ಟೆಯನ್ನು ಅದು ಕೊರೆಯುವುದೂ ಹೀಗೆಯೇ.

ಈ ಹುಲ್ಲುಗಳ ಬೀಜ ಕೊಯ್ದ ತಕ್ಷಣ ಬಿತ್ತಿದರೆ ಸರಿಯಾಗಿ ಮೊಳೆಯುವುದಿಲ್ಲ. ಅವಕ್ಕೆ ಕೆಲವು ತಿಂಗಳ ನಿದ್ರೆ ಬೇಕು. ಮಳೆಗಾಲ ಮುಗಿದ ಮೇಲೆ ತೆನೆ ಮಾಗಿದಾಗ ಕೊಯ್ದು, ಗೋಣಿಚೀಲದಲ್ಲಿ ತುಂಬಿ ಒಣ ಜಾಗದಲ್ಲಿ ಇಟ್ಟು, ಮುಂಗಾರು ಹಿಡಿದ ಮೇಲೆ ಹೊರತೆಗೆಯುತ್ತೇವೆ. ಊಬುಗಳು ಒಂದಕ್ಕೊಂದು ಸಿಕ್ಕಿ ಉಂಡೆಯಾಗಿರುತ್ತವೆ, ಬಿಡಿಸುತ್ತ ಕೂರುವುದು ವ್ಯರ್ಥ. ಬೀಜವಿರುವ ಒಣಹುಲ್ಲನ್ನೇ ತೆಳ್ಳಗೆ ಹರಡಿದರೆ ಅದು ಬೀಜವೂ ಹೌದು, ಹೊದಿಕೆಯೂ ಹೌದು. ಮೊದಲ ಮಳೆಗಾಲ ಅದರ ಮೇಲೆ ದನ ಹಾಯದಂತೆ ನೋಡಿಕೊಳ್ಳಬೇಕು.

ಯಾವ ಪ್ರಾಣಿಗೆ ಎಂತಹ ಹುಲ್ಲು ಎಂಬುದನ್ನು ತಿಳಿಯದೆ ಬಯಲನ್ನು ಒಂದೇ ಎತ್ತರಕ್ಕೆ ಕೊಯ್ಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಚುಕ್ಕೆ ಜಿಂಕೆಗೆ ಗಿಡ್ಡನೆಯ ಎಳೆ ಹುಲ್ಲು ಇಷ್ಟ, ಓಡಿ ಸೇರಲು ಪಕ್ಕದಲ್ಲಿ ಮರೆಯೂ ಬೇಕು. ಕಡವೆ ಹುಲ್ಲಿನ ಜೊತೆಗೆ ಸೊಪ್ಪು ಕಡಿಯುವ ಪ್ರಾಣಿ, ಮರಗಳ ಒಳಗಿನಿಂದ ಬೇಗ ಹೊರಬರುವುದಿಲ್ಲ. ಕಾಟಿಯ ಹಿಂಡು ಒರಟು ಹುಲ್ಲನ್ನೂ ಮೇಯುತ್ತದೆ, ಅದು ಮೇದು ತುಳಿದುಹೋದ ಜಾಗದಲ್ಲಿ ಬರುವ ಚಿಗುರಿಗೆ ಜಿಂಕೆ ಬರುತ್ತದೆ. ನಾಲ್ಕು ಕೊಂಬಿನ ಕೊಂಡುಕುರಿಗೆ ಅಡಗಲು ಎತ್ತರದ ಹುಲ್ಲು ಬೇಕು. ಕೃಷ್ಣಮೃಗ ಪೂರ್ತಿ ಬೇರೆ: ದೂರದವರೆಗೆ ಕಣ್ಣು ಹಾಯಬೇಕು, ಓಟಕ್ಕೆ ಬಯಲಿರಬೇಕು. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಅಭಯಾರಣ್ಯ 1974ರಲ್ಲಿ ಘೋಷಣೆಯಾದದ್ದು ಕೃಷ್ಣಮೃಗಕ್ಕಾಗಿ. ಆ ನೆಲದ ಬಹುಭಾಗವನ್ನು ನೀಲಗಿರಿ ನೆಡುತೋಪು ಆವರಿಸಿದೆ. ಮರ ನೆಟ್ಟರೆ ವನ್ಯಜೀವಿಗೆ ಒಳ್ಳೆಯದು ಎಂಬ ನಂಬಿಕೆ ಬಯಲಿನ ಪ್ರಾಣಿಯ ಮಟ್ಟಿಗೆ ಹೇಗೆ ತಿರುಗುಮುರುಗಾಗುತ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಹಾಗಾಗಿ ನಾವು ಪಟ್ಟೆ ಪಟ್ಟೆಯಾಗಿ, ಅಂಕುಡೊಂಕಾಗಿ ಕೊಯ್ಯುತ್ತೇವೆ. ಒಂದು ಪಟ್ಟೆ ಈ ವರ್ಷ, ಪಕ್ಕದ್ದು ಮುಂದಿನ ವರ್ಷ. ನಡುವೆ ಎತ್ತರದ ಹುಲ್ಲು ಉಳಿದಿದ್ದರೆ ಜಿಂಕೆಯ ಮರಿ ಅಲ್ಲಿ ಮಲಗುತ್ತದೆ, ಕವುಜುಗ ಮೊಟ್ಟೆ ಇಡುತ್ತದೆ. ಬೇಸಿಗೆಯಲ್ಲಿ ಹಕ್ಕಿ ಗೂಡು ಕಟ್ಟುವ ಹೊತ್ತಿಗೆ ಕುಡುಗೋಲು ಮುಟ್ಟುವುದೇ ಇಲ್ಲ.

ನಾಗರಹೊಳೆಯ ಹಡ್ಲುಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ತಗ್ಗಿನ ಜೌಗು ಹುಲ್ಲುಗಾವಲು ಅವು. ಸುತ್ತಲಿನ ಕಾಡು ಒಣಗಿ ನಿಂತಾಗಲೂ ಜಿಗುಟು ಮಣ್ಣಿನ ತೇವದಿಂದ ಹಸಿರಾಗಿರುತ್ತವೆ. ಅಲ್ಲಿ ಕೆರೆ ತೋಡುವುದು, ಕಾಲುವೆ ಕಡಿಯುವುದು, ಗಿಡ ನೆಡುವುದು ಯಾವುದೂ ಬೇಡ. ಅಂಚಿನಿಂದ ಒಳಗೆ ಬರುವ ಕಳೆಯನ್ನು ತಡೆದರೆ ಸಾಕು. ಬೇಸಿಗೆಯಲ್ಲಿ ಕಬಿನಿ ಹಿನ್ನೀರು ಇಳಿದಾಗ ತೆರೆದುಕೊಳ್ಳುವ ಕೆಸರು ನೆಲದಲ್ಲಿ ಎಳೆ ಹುಲ್ಲು ಬಂದು ಆನೆ, ಕಾಟಿ, ಜಿಂಕೆ ಗುಂಪುಗಟ್ಟುವುದನ್ನು ನೋಡಿದವರಿಗೆ ಗೊತ್ತು, ಆ ಮೇವನ್ನು ಯಾರೂ ಬಿತ್ತಿಲ್ಲ.

ಕಾಳು ಸುರಿಯುವ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಹುಲ್ಲು, ಸೊಪ್ಪಿಗೆ ಒಗ್ಗಿದ ಮೆಲುಕು ಹಾಕುವ ಪ್ರಾಣಿಗೆ ಒಮ್ಮೆಗೇ ಜೋಳ, ಅಕ್ಕಿ ಸಿಕ್ಕಿದರೆ ಹೊಟ್ಟೆಯಲ್ಲಿ ಆಮ್ಲ ಏರಿ, ನಾರು ಕರಗಿಸುವ ಸೂಕ್ಷ್ಮಜೀವಿಗಳು ಸಾಯುತ್ತವೆ; ಹೊಟ್ಟೆ ತುಂಬಿದ ಜಿಂಕೆಯೇ ಸಾಯುವುದುಂಟು. ಒಂದೇ ಜಾಗದಲ್ಲಿ ಮೇವು, ಉಪ್ಪು ಇಟ್ಟರೆ ಊರ ದನ ಮತ್ತು ಕಾಡುಪ್ರಾಣಿ ಮೂತಿಗೆ ಮೂತಿ ತಾಗಿಸುತ್ತವೆ. ಕಾಲುಬಾಯಿ ಜ್ವರ ಹಾಗೆಯೇ ದಾಟುತ್ತದೆ. 1968ರಲ್ಲಿ ರಿಂಡರ್‌ಪೆಸ್ಟ್ ಎಂಬ ದೊಡ್ಡರೋಗ ಮುದುಮಲೆ, ಬಂಡೀಪುರ ಕಡೆಯ ಕಾಟಿಗಳನ್ನು ನೆಲಕಚ್ಚಿಸಿದ್ದು ಹಳಬರ ನೆನಪಿನಲ್ಲಿದೆ. ಕಾಡಂಚಿನ ಜಮೀನಿನಲ್ಲಿ ಹುರುಳಿ ಬಿತ್ತಿ ಜಿಂಕೆಗೆ ರುಚಿ ಹತ್ತಿಸಿದರೆ ಅದು ನೆರೆಯವನ ಹೊಲಕ್ಕೂ ಹೋಗುತ್ತದೆ, ಜಿಂಕೆಯ ಹಿಂದೆ ಚಿರತೆ ಬರುತ್ತದೆ. ಸ್ವಂತ ಜಮೀನಿದ್ದವರಿಗೆ ನನ್ನ ಸಲಹೆ: ಕಳೆ ತೆಗೆಯಿರಿ, ನೆಲ್ಲಿ, ತಾರೆ, ಶಿವನೆ ಮರಗಳಿದ್ದರೆ ಉಳಿಸಿ. ನೆಲ್ಲಿಕಾಯಿಯನ್ನು ಜಿಂಕೆ ನುಂಗಿ, ಮೆಲುಕು ಹಾಕುವಾಗ ಬೀಜವನ್ನು ಉಗುಳಿ ಬೇರೆಡೆ ಬಿತ್ತುತ್ತದೆ. ಅಭಯಾರಣ್ಯದೊಳಗೆ ಇಂತಹ ಯಾವ ಕೆಲಸಕ್ಕೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 29ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು.

ಕೆಲಸ ಫಲ ಕೊಟ್ಟಿದೆಯೇ ಎಂದು ತಿಳಿಯಲು ದೊಡ್ಡ ಉಪಕರಣ ಬೇಡ. ಒಂದು ಮೀಟರ್ ಚೌಕದ ಜಾಲರಿ ಪಂಜರವನ್ನು ಹುಲ್ಲಿನ ಮೇಲೆ ಕವುಚಿ ಗೂಟ ಹೊಡೆಯುತ್ತೇವೆ. ಎರಡು ತಿಂಗಳ ನಂತರ ಒಳಗಿನ ಹುಲ್ಲು, ಹೊರಗಿನ ಅಷ್ಟೇ ಜಾಗದ ಹುಲ್ಲು ಎರಡನ್ನೂ ಕೊಯ್ದು ತೂಗಿದರೆ ವ್ಯತ್ಯಾಸವೇ ಪ್ರಾಣಿಗಳು ಮೇದದ್ದು. ಮೇದದ್ದು ಯಾರು ಎಂಬುದನ್ನು ಹುಲ್ಲಿನ ತುದಿಯೇ ಹೇಳುತ್ತದೆ. ಜಿಂಕೆಗೆ ಮೇಲ್ದವಡೆಯ ಮುಂಭಾಗದಲ್ಲಿ ಬಾಚಿಹಲ್ಲಿಲ್ಲ. ಅದು ಎಳೆದು ಹರಿಯುತ್ತದೆ, ತುದಿ ಸೀಳಿ ನಾರು ನಾರಾಗಿರುತ್ತದೆ. ಮೊಲ ಕಡಿದ ತುದಿ ಬ್ಲೇಡಿನಿಂದ ಓರೆಯಾಗಿ ಕತ್ತರಿಸಿದಂತೆ ನುಣುಪು. ಆನೆಗಳು ಪಂಜರವನ್ನು ಉರುಳಿಸುವುದುಂಟು, ಆಗ ಇನ್ನೊಂದು ಕಡೆ ಮತ್ತೆ ಶುರು.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಹಿರಿಯರು ತರಗು ಬೆಂಕಿಯ ಬಗ್ಗೆ ಹೇಳುತ್ತಾರೆ. ಬೇಸಿಗೆ ಬಿರುಸಾಗುವ ಮೊದಲೇ ಒಣ ಎಲೆಗೆ ಸಣ್ಣ ಬೆಂಕಿ ಹಚ್ಚಿ ನೆಲ ಹಸನು ಮಾಡುತ್ತಿದ್ದರು. ಲಂಟಾನದ ಮರಿ ಸಾಯುತ್ತಿತ್ತು, ಹುಲ್ಲು ಬರುತ್ತಿತ್ತು ಎಂಬುದು ಅವರ ಅನುಭವ. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ಈಗ ಲಂಟಾನ ದಟ್ಟವಾಗಿರುವ ಕಡೆ ಅದೇ ಬೆಂಕಿ ಪೊದೆ ಹತ್ತಿ ಮರದ ತುದಿಗೆ ಏರುತ್ತದೆ, ಆದ್ದರಿಂದ ನೇರವಾಗಿ ಹಿಂದಕ್ಕೆ ಹೋಗುವುದು ಸಾಧ್ಯವಿಲ್ಲ. ಆದರೆ ಆ ಹಿರಿಯರನ್ನು ಕೇಳದೆ ಯೋಜನೆ ಬರೆಯುವುದು ತಪ್ಪು ಎಂದು ನಾನು ನಂಬಿದ್ದೇನೆ.

ಅದಕ್ಕೇ ಆಳುಗಳ ವಿಷಯದಲ್ಲಿ ನನ್ನ ಹಟ ಇರುವುದು. ಮೊದಲ ವರ್ಷ ಕಿತ್ತ ತಂಡವೇ ಎರಡನೇ, ಮೂರನೇ ವರ್ಷವೂ ಅದೇ ತಾಕಿಗೆ ಬರಬೇಕು. ಅಕ್ಕಪಕ್ಕದ ಹಾಡಿಗಳ ಹೆಂಗಸರಿಗೆ ಎರಡೆಲೆಯ ಪಾರ್ಥೇನಿಯಂ ಯಾವುದು, ಎರಡೆಲೆಯ ಕಾಡು ಹುರುಳಿ ಯಾವುದು ಎಂದು ಬಗ್ಗದೆಯೇ ಗೊತ್ತಾಗುತ್ತದೆ. ಹೊಸಬರು ಎರಡನ್ನೂ ಕಿತ್ತು ಗುಡ್ಡೆ ಹಾಕುತ್ತಾರೆ. ಮೂರು ವರ್ಷದ ಕೂಲಿಯನ್ನು ಮೊದಲ ದಿನವೇ ಯೋಜನೆಯಲ್ಲಿ ಬರೆಯದಿದ್ದರೆ ಆ ತಂಡ ಉಳಿಯುವುದಿಲ್ಲ, ಮುಂಗಾರಿನ ಹೊತ್ತಿಗೆ ಕಾಫಿ ತೋಟದ ಕೆಲಸಕ್ಕೆ ಹೋಗಿರುತ್ತದೆ. ಈ ಸಲದ ಕಾಗದದಲ್ಲಿ ನಾನು ತೆರವಿನ ಹೆಕ್ಟೇರ್ ಕಡಿಮೆ ಮಾಡಿ, ಮರುವರ್ಷಗಳ ಕಳೆಗೆ ಪ್ರತ್ಯೇಕ ಸಾಲು ಹಾಕಿಸಿದ್ದೇನೆ.