ಬೆಟ್ಟದ ಲೆಕ್ಕ

ನಮ್ಮ ಮನೆಯಿಂದ ಚಾಮುಂಡಿ ಬೆಟ್ಟದ ತುದಿಗೆ ರಸ್ತೆಯಲ್ಲಿ 8 ಕಿ.ಮೀ. ದೂರವಿದೆ. ಭಾನುವಾರ ಬೆಳಿಗ್ಗೆ ಏದುಸಿರು ಬಿಡುತ್ತಾ ಸೈಕಲ್ ತುಳಿದು, ನಂದಿಯ ಕಡೆಗೆ ತಿರುಗುವ ಕವಲಿನಲ್ಲಿ ಬೂಟಿನ ದಾರ ಕಟ್ಟುವ ನೆಪದಿಂದ ಸುಧಾರಿಸಿಕೊಂಡು, ಗಂಟೆಗೆ 8 ಕಿ.ಮೀ. ವೇಗದಲ್ಲಿ ಹತ್ತಿದವನು ಇಳಿಯುವಾಗ 32 ಕಿ.ಮೀ. ವೇಗದಲ್ಲಿ ಇಳಿದೆ. ಸರಾಸರಿ 20 ಎಂದು ಮನಸ್ಸಿನಲ್ಲೇ ಬೀಗಿದೆ. ಆದರೆ ಸವಾರಿಯ ಲೆಕ್ಕ ಇಡಲು ನಾನೇ ಪೈಥಾನ್‌ನಲ್ಲಿ ಬರೆದುಕೊಂಡಿದ್ದ ಪುಟ್ಟ ಪ್ರೋಗ್ರಾಮ್ 12.8 ಎಂದು ತೋರಿಸಿತು.

ವೃತ್ತಿಯ ಅಭ್ಯಾಸಬಲದಿಂದ ಅರ್ಧ ಗಂಟೆ ಬಗ್, ಅಂದರೆ ಕೋಡ್‌ನಲ್ಲಿರುವ ತಪ್ಪು, ಹುಡುಕಿದೆ. ಸಾಲು ಸಾಲಿಗೂ ಅಲ್ಲಿನ ಲೆಕ್ಕ ತೋರಿಸುವ ಪ್ರಿಂಟ್ ಹಾಕಿ ನೋಡಿದರೂ ತಪ್ಪು ಸಿಗಲಿಲ್ಲ. ಸಂಜೆ ಬ್ರೇಕ್ ರಬ್ಬರ್ ಬದಲಿಸಲು ಹೋದಾಗ ಸೈಕಲ್ ಶಾಪಿನ ಯಜಮಾನರು, ಚಕ್ರ ತಿರುಗಿಸುತ್ತಲೇ, "ಹತ್ತೋಕೆ ಒಂದು ಗಂಟೆ, ಇಳಿಯೋಕೆ ಕಾಲು ಗಂಟೆ. ಎರಡನ್ನೂ ಒಂದೇ ತೂಕದಲ್ಲಿ ಹಾಕಿದ್ರೆ ಹೆಂಗೆ ಸಾರ್?" ಎಂದರು. ನಿಜ, 16 ಕಿ.ಮೀ. ದೂರಕ್ಕೆ 75 ನಿಮಿಷ ಹಿಡಿದಿತ್ತು. ಇನ್ನೂ ತಮಾಷೆಯೆಂದರೆ, ಹತ್ತುವುದಕ್ಕೆ ಒಂದು ಗಂಟೆ ಖರ್ಚಾದ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಳಗಿಳಿದರೂ ನನ್ನ ಸರಾಸರಿ 16ನ್ನು ದಾಟುವಂತಿಲ್ಲ. ಬಗ್ ಇದ್ದದ್ದು ಕೋಡ್‌ನಲ್ಲಲ್ಲ, ಕೋಡ್ ಬರೆದವನ ತಲೆಯಲ್ಲಿ. ಯಜಮಾನರು ರಬ್ಬರಿನ ದುಡ್ಡು ಮಾತ್ರ ತೆಗೆದುಕೊಂಡರು, ಡೀಬಗ್ಗಿಂಗ್‌ಗೆ ಏನೂ ಕೇಳಲಿಲ್ಲ.